ಕೇಳದೆ ಬಂದ ಗೆಲುವು

ಯಾರೋ ಮಾಡಿದ ಪಾಪದಿಂದ ನಮಗೊಂದು ಲಾಭ ಬಂದರೆ, ಅದನ್ನು ಏನು ಮಾಡಬೇಕು? ನಾವು ಬಯಸಿದ್ದಲ್ಲ, ಕೈ ಚಾಚಿದ್ದಲ್ಲ. ಆದರೂ ಬಂದು ಮಡಿಲಲ್ಲಿ ಬಿದ್ದಿದೆ. ಆಸ್ತಿ ಪಾಲಾಗುವಾಗ, ಕಚೇರಿಯಲ್ಲಿ ಬಡ್ತಿ ಸಿಗುವಾಗ ಇಂಥ ಪ್ರಶ್ನೆ ನಮ್ಮ ಮನೆಗಳಲ್ಲೂ ಸುಳಿಯುತ್ತದೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೆ. ನನ್ನನ್ನು ಈ ಪ್ರಶ್ನೆ ಕಾಡತೊಡಗಿದ್ದು ಮೋನಿಕಾ ಸೆಲೆಸ್ ಎಂಬ ಟೆನಿಸ್ ಆಟಗಾರ್ತಿಯಿಂದ. ನಾನು ಟೆನಿಸ್ ಆಡಿದವಳಲ್ಲ. ದೂರದರ್ಶನದಲ್ಲಿ ವಿಂಬಲ್ಡನ್ ಬಂದಾಗ ಮನೆಯವರೊಂದಿಗೆ ಕೂತು ನೋಡಿದ ಪೀಳಿಗೆಯವಳು, ಅಷ್ಟೇ ನನ್ನ ಅರ್ಹತೆ.

ಮೋನಿಕಾ ಹುಟ್ಟಿದ್ದು 1973ರಲ್ಲಿ, ಆಗಿನ ಯುಗೋಸ್ಲಾವಿಯಾದ ನೋವಿ ಸಾದ್ ಪಟ್ಟಣದ ಒಂದು ಹಂಗೇರಿಯನ್ ಕುಟುಂಬದಲ್ಲಿ. ತಂದೆ ಕಾರೊಯ್ ವ್ಯಂಗ್ಯಚಿತ್ರಕಾರ. ವಾಹನ ನಿಲ್ಲಿಸುವ ಜಾಗದಲ್ಲಿ ಎರಡು ಕಾರುಗಳ ನಡುವೆ ದಾರ ಕಟ್ಟಿ ಅದನ್ನೇ ನೆಟ್ ಮಾಡಿದರು. ಮಗುವಿಗೆ ಬೇಸರವಾಗದಿರಲೆಂದು ಚೆಂಡುಗಳ ಮೇಲೆ ಚಿತ್ರ ಬಿಡಿಸಿದರು. ಮಕ್ಕಳಿಗೆ ಕಲಿಸಿ ಅಭ್ಯಾಸವಿರುವ ನನಗೆ ಆ ಚೆಂಡುಗಳ ಮಾತು ತುಂಬ ಹಿಡಿಸಿತು. ಎಂಥ ತರಬೇತಿ ಕಾಲೇಜೂ ಇದನ್ನು ಹೇಳಿಕೊಡುವುದಿಲ್ಲ.

ಹದಿನಾರರ ವಯಸ್ಸಿಗೆ, 1990ರಲ್ಲಿ, ಆ ಹುಡುಗಿ ಜರ್ಮನಿಯ ಸ್ಟೆಫಿ ಗ್ರಾಫ್‌ಳನ್ನು ಸೋಲಿಸಿ ಫ್ರೆಂಚ್ ಓಪನ್ ಗೆದ್ದಳು. 1991ರ ಆರಂಭದಿಂದ 1993ರ ಜನವರಿಯವರೆಗೆ ಆಡಿದ 8 ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ 7 ಅವಳ ಪಾಲಾದವು. ಸೋತದ್ದು ಒಂದೇ, 1992ರ ವಿಂಬಲ್ಡನ್ ಫೈನಲ್. ಚೆಂಡು ಹೊಡೆಯುವಾಗ ಅವಳ ಬಾಯಿಂದ ಹೊರಡುತ್ತಿದ್ದ ಸದ್ದಿನ ಬಗ್ಗೆ ಎದುರಾಳಿಗಳು ದೂರು ಕೊಟ್ಟಿದ್ದರು. ಫೈನಲ್‌ನಲ್ಲಿ ತುಟಿ ಬಿಗಿಹಿಡಿದು ಆಡಿದಳು. ಸ್ಟೆಫಿ 6-2, 6-1ರಿಂದ ಗೆದ್ದಳು. ಹುಡುಗಿ ಸದ್ದು ಮಾಡಬಾರದೆಂಬ ಬುದ್ಧಿಮಾತು ನಮ್ಮೂರಲ್ಲಷ್ಟೇ ಇರುವುದು ಎಂದುಕೊಂಡಿದ್ದೆ!

1993ರ ಏಪ್ರಿಲ್ 30, ಹ್ಯಾಂಬರ್ಗ್. ಕ್ವಾರ್ಟರ್ ಫೈನಲ್ ಪಂದ್ಯ. ಮ್ಯಾಗ್ಡಲೀನಾ ಮಲೀವಾಳ ಎದುರು ಮುಂದಿದ್ದ ಮೋನಿಕಾ ವಿರಾಮದಲ್ಲಿ ಕುರ್ಚಿಯಲ್ಲಿ ಕೂತಿದ್ದಳು. ಪ್ರೇಕ್ಷಕರ ನಡುವಿನಿಂದ ಬಂದ ಒಬ್ಬ ಅಡುಗೆಮನೆಯ ಚಾಕುವಿನಿಂದ ಬೆನ್ನಿಗೆ ಇರಿದ. ಅವನು ಸ್ಟೆಫಿ ಗ್ರಾಫ್‌ಳ ಭಕ್ತ. ತನ್ನ ದೇವತೆ ಮತ್ತೆ ಮೊದಲ ಸ್ಥಾನಕ್ಕೆ ಬರಬೇಕು ಎಂಬುದೊಂದೇ ಅವನ ಆಸೆ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಗಾಯ ಒಂದೂವರೆ ಸೆಂಟಿಮೀಟರಿನಷ್ಟು ಆಳದ್ದು. ಕೆಲವು ವಾರಗಳಲ್ಲಿ ಮಾಗಿತು. ಒಳಗಿನದು ಮಾಗಲಿಲ್ಲ. ಎರಡು ವರ್ಷಕ್ಕೂ ಮೀರಿ ಆಕೆ ಅಂಗಣಕ್ಕೆ ಇಳಿಯಲಿಲ್ಲ. ಅದೇ ಸಮಯದಲ್ಲಿ ತಂದೆಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಊಟವೇ ಆಸರೆಯಾಗಿ, ಆಮೇಲೆ ಊಟವೇ ಶತ್ರುವಾಗಿ ತಾನು ಪಟ್ಟ ಪಾಡನ್ನು ಆಕೆ ಮುಂದೆ 2009ರ ತನ್ನ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಚಾಕು ಹಾಕಿದವನಿಗೋ, ಮನಸ್ಸಿನ ಸ್ಥಿಮಿತ ಕಡಿಮೆಯೆಂಬ ಕಾರಣಕ್ಕೆ ನ್ಯಾಯಾಲಯ ಕೊಟ್ಟದ್ದು ಅಮಾನತಿನಲ್ಲಿಟ್ಟ ಎರಡು ವರ್ಷದ ಶಿಕ್ಷೆ. ಅಂದರೆ ಆತ ಮನೆಗೆ ಹೋದ. ಮೇಲ್ಮನವಿಯಲ್ಲೂ ಅದು ಬದಲಾಗಲಿಲ್ಲ.

ನ್ಯಾಯಾಲಯದ ಮಾತು ಹಾಗಿರಲಿ. ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಕಡೆ. ಆ ಹ್ಯಾಂಬರ್ಗ್ ಪಂದ್ಯಾವಳಿ ನಿಲ್ಲಲಿಲ್ಲ, ಮುಂದುವರಿಯಿತು. ಆಮೇಲೆ ರೋಮ್‌ನಲ್ಲಿ ಮುಂಚೂಣಿಯ ಆಟಗಾರ್ತಿಯರ ಮುಂದೆ ಒಂದು ಪ್ರಶ್ನೆ ಬಂತು: ಮೋನಿಕಾ ಹಿಂತಿರುಗುವವರೆಗೆ ಅವಳ ಮೊದಲ ಸ್ಥಾನವನ್ನು ಹಾಗೆಯೇ ಕಾಯ್ದಿಡೋಣವೇ? ಬೇಡ ಎಂದರು. ಅರ್ಜೆಂಟೀನಾದ ಗ್ಯಾಬ್ರಿಯೆಲಾ ಸಬಾಟಿನಿ ಮಾತ್ರ ಬೇಡ ಎನ್ನದೆ ತಟಸ್ಥಳಾಗಿ ಉಳಿದಳು. ಟೆನಿಸ್ಸಿನ ರ್‍ಯಾಂಕು ಹಿಂದಿನ ಹನ್ನೆರಡು ತಿಂಗಳ ಆಟದ ಲೆಕ್ಕ. ಆಡದವರು ತಾವಾಗಿಯೇ ಕೆಳಗಿಳಿಯುತ್ತಾರೆ. ಜೂನ್ ಮೊದಲ ವಾರ ಕಳೆಯುವಷ್ಟರಲ್ಲಿ ಸ್ಟೆಫಿ ಮತ್ತೆ ಮೊದಲನೆಯವಳಾದಳು. ಚಾಕುವಿನವನು ಏನು ಬಯಸಿದ್ದನೋ ಅದು ಅಕ್ಷರಶಃ ಆಯಿತು, ಅದೂ ನಿಯಮಕ್ಕೆ ಒಂದಿಷ್ಟೂ ಧಕ್ಕೆ ಬಾರದಂತೆ.

ಸ್ಟೆಫಿಯ ತಪ್ಪೇನು ಎಂದು ನೀವು ಕೇಳಬಹುದು. ಏನೂ ಇಲ್ಲ. ಅವಳು ಆಸ್ಪತ್ರೆಗೆ ಹೋಗಿ ನೋಡಿ ಬಂದಳು. ಅವಳ ಒಟ್ಟು 22 ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ 11 ಆ ದಿನಕ್ಕೆ ಮೊದಲಿನವು, 11 ನಂತರದವು. ಆ ನಂತರದ ಹನ್ನೊಂದೂ ಬೆವರು ಸುರಿಸಿ ಗೆದ್ದವೇ. ಹಾಗಿದ್ದೂ ಪ್ರತಿ ಗೆಲುವಿಗೂ ಜನ 'ಮೋನಿಕಾ ಇದ್ದಿದ್ದರೆ' ಎಂಬ ಬಾಲ ಅಂಟಿಸಿದರು. ತನ್ನ ಹೆಸರಿನಲ್ಲಿ ಇನ್ನೊಬ್ಬಳ ರಕ್ತ ಹರಿಯಿತಲ್ಲ ಎಂಬ ಭಾರವನ್ನು ಹೊರುವುದೂ ಒಂದು ಶಿಕ್ಷೆ. ಅವಳನ್ನು ದೂರುವವರ ಸಾಲಿನಲ್ಲಿ ನಾನಿಲ್ಲ.

ಉಳಿದವರ ಮಾತು ಬೇರೆ. ಅವರಿಗೂ ಕಾರಣಗಳಿದ್ದವು. ರ್‍ಯಾಂಕು ಎಂದರೆ ಬರಿಯ ಹೆಮ್ಮೆಯಲ್ಲ, ಅದರ ಹಿಂದೆ ಹಣವಿದೆ, ಒಪ್ಪಂದಗಳಿವೆ. ಮೊಣಕಾಲು ಮುರಿದವಳಿಗೆ, ಹೆರಿಗೆಗೆ ಹೋದವಳಿಗೆ ಇಲ್ಲದ ರಿಯಾಯಿತಿ ಇವಳಿಗೇಕೆ ಎಂದು ವಾದಿಸಬಹುದು. ಶಾಲೆಯಲ್ಲಿ ನಾನೂ ಇದನ್ನು ಕೇಳಿದ್ದೇನೆ. ಸೀತಾಳೆ ಸಿಡುಬಾಗಿ ಪರೀಕ್ಷೆಗೆ ಬಾರದ ಹುಡುಗಿಯ ಜಾಗಕ್ಕೆ ಎರಡನೆಯವಳು ಏರಿದರೆ ಯಾರೂ ತಕರಾರು ಮಾಡುವುದಿಲ್ಲ. ಆದರೆ ಎರಡನೆಯವಳನ್ನು ಮೊದಲು ಮಾಡಲೆಂದೇ ಒಬ್ಬ ಮೊದಲನೆಯವಳನ್ನು ಬಾವಿಗೆ ತಳ್ಳಿದರೆ? ಕಾಯಿಲೆಗೆ ಉದ್ದೇಶವಿರುವುದಿಲ್ಲ, ಇವನಿಗಿತ್ತು. ಅವನ ಉದ್ದೇಶ ಕೈಗೂಡದಂತೆ ಮಾಡುವುದು ಆ ಹೆಂಗಸರ ಕೈಯಲ್ಲಿತ್ತು. ತಪ್ಪಿತಸ್ಥರಲ್ಲದಿರುವುದು ಒಂದು, ಸಿಕ್ಕ ಲಾಭವನ್ನು ಬೇಡವೆನ್ನುವುದು ಇನ್ನೊಂದು. ಎರಡನೆಯದನ್ನು ಯಾವ ಕಾನೂನೂ ಕೇಳುವುದಿಲ್ಲ. ಅದಕ್ಕೇ ಅದು ಅಷ್ಟು ಕಷ್ಟ.

ಅಸಾಧ್ಯವೇನೂ ಆಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. 1995ರ ಆಗಸ್ಟಿನಲ್ಲಿ ಮೋನಿಕಾ ಮರಳಿದಾಗ ಅವಳಿಗೆ ಸ್ಟೆಫಿಯ ಜೊತೆ ಜಂಟಿಯಾಗಿ ಮೊದಲ ಸ್ಥಾನ ಕೊಟ್ಟರು. ಹಿರಿಯ ಆಟಗಾರ್ತಿ ಮಾರ್ಟಿನಾ ನವ್ರಾಟಿಲೋವಾ ಅದಕ್ಕಾಗಿ ದನಿ ಎತ್ತಿದ್ದಳು. ಮರಳಿದ ಮೊದಲ ಪಂದ್ಯಾವಳಿಯನ್ನೇ ಟೊರಾಂಟೊದಲ್ಲಿ ಗೆದ್ದಳು. ಮುಂದಿನ ತಿಂಗಳು ಅಮೆರಿಕನ್ ಓಪನ್ ಫೈನಲ್‌ನಲ್ಲಿ ಸ್ಟೆಫಿಗೆ ಮೂರು ಸೆಟ್‌ಗಳಲ್ಲಿ ಸೋತಳು. ಆಟ ಮುಗಿದ ಮೇಲೆ ಇಬ್ಬರೂ ನೆಟ್ ಬಳಿ ಅಪ್ಪಿಕೊಂಡರು. 1996ರ ಆಸ್ಟ್ರೇಲಿಯನ್ ಓಪನ್ ಅವಳ ಒಂಬತ್ತನೆಯ, ಕೊನೆಯ ಗ್ರ್ಯಾಂಡ್ ಸ್ಲಾಮ್.

1998ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ಅವರ ಉಂಗುರವನ್ನು ಸರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು ಪ್ಯಾರಿಸ್‌ನಲ್ಲಿ ಆಡಿ ಫೈನಲ್ ತನಕ ಹೋದಳು. ಜರ್ಮನಿಗೆ ಆಡಲು ಎಷ್ಟು ಕರೆ ಬಂದರೂ ಹೋಗಲಿಲ್ಲ. 2003ರಲ್ಲಿ ಕೊನೆಯ ಪಂದ್ಯ ಆಡುವವರೆಗೂ ಆ ನಿರ್ಧಾರ ಬದಲಾಗಲಿಲ್ಲ.