ಹಾಲು, ಪಾಲು

ಹಣ ಕೊಟ್ಟ ದಿನ ಆ ಕೊಟ್ಟಿಗೆಯಲ್ಲಿ ಒಂದು ತೊಟ್ಟು ಹಾಲೂ ಇರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿರುವ ಬರ್ಕ್‌ಷೈರ್ ಬೆಟ್ಟಗಳಲ್ಲಿ, ಮೊಣಕಾಲುದ್ದ ಹಿಮ ಬಿದ್ದಿದ್ದ ಫೆಬ್ರವರಿಯ ಒಂದು ಬೆಳಿಗ್ಗೆ, ನನ್ನ ಮಗನು ಆಡು ಸಾಕಿ ಜೀವಿಸುವ ಒಂದು ಸಣ್ಣ ಕುಟುಂಬಕ್ಕೆ ಆ ವರ್ಷದ ಚೀಸಿನ ಬಾಬ್ತು ಪೂರ್ತಿ ಮೊಬಲಗಿಗೆ ಚೆಕ್ಕು ಬರೆದುಕೊಟ್ಟನು. ಹುಲ್ಲಿನ ಮೇಲೆ ಮಲಗಿ ಮೆಲುಕು ಹಾಕುತ್ತಿದ್ದ ಆಡುಗಳೆಲ್ಲ ಗಬ್ಬವಾಗಿದ್ದುವು. ಹಗಲು ಕುಗ್ಗತೊಡಗುವ ಶರತ್ಕಾಲದಲ್ಲಿ ಬೆದೆಗೆ ಬಂದು, ಸುಮಾರು 150 ದಿನ ಬಸಿರು ಹೊತ್ತು, ವಸಂತದಲ್ಲಿ ಈಯುವುದು ಆ ಶೀತದೇಶದಲ್ಲಿ ಅವುಗಳ ಸ್ವಭಾವ. ಈಯುವುದಕ್ಕೆ ಎರಡು ತಿಂಗಳ ಮುಂಚೆಯೇ ಕರೆಯುವುದನ್ನು ನಿಲ್ಲಿಸಿ ಕೆಚ್ಚಲಿಗೆ ವಿಶ್ರಾಂತಿ ಕೊಡುವುದು ಸಾಕುವವರ ಧರ್ಮ. ಹುಟ್ಟದ ಮರಿಯ ತಾಯಿಯಲ್ಲಿ ಇನ್ನೂ ಇಳಿಯದ ಹಾಲಿನಿಂದ ಮುಂದೆಂದೋ ಆಗಬೇಕಾದ ಚೀಸಿಗೆ ಈಗಲೇ ಬೆಲೆ ತೆತ್ತೆಯಲ್ಲ ಎಂದು ನಾನು ನಕ್ಕಾಗ ಮಗನು, "ಬೆಲೆಯಲ್ಲ ಅಣ್ಣ, ಪಾಲು," ಎಂದನು.

ಆ ಮಾತು ನನ್ನ ಕಿವಿಯಲ್ಲಿ ಬಹಳ ಹೊತ್ತು ನಿಂತಿತು. ಹಳಗನ್ನಡದಲ್ಲಿ ಹಾಲಿಗೂ ಪಾಲೆಂದೇ ಹೆಸರು. ತಮಿಳರಿಗೆ ಈಗಲೂ ಹಾಗೆಯೇ. ಕಾಲಾಂತರದಲ್ಲಿ ಪಕಾರವು ಹಕಾರಕ್ಕೆ ತಿರುಗಿದಾಗ ಕುಡಿಯುವ ಪಾಲು ಹಾಲಾಯಿತು. ಹಂಚಿಕೊಳ್ಳುವ ಪಾಲು ಮಾತ್ರ ಏಕೋ ಪಾಲಾಗಿಯೇ ಉಳಿಯಿತು. ಎರಡಕ್ಕೂ ಧಾತು ಒಂದೇ ಎಂದು ನಾನು ಸಾಧಿಸ ಹೊರಟಿಲ್ಲ, ಭಾಷಾಶಾಸ್ತ್ರಜ್ಞರು ಒಪ್ಪಲಾರರು. ಆದರೆ ಒಂದೇ ಧ್ವನಿಯಲ್ಲಿ ಒಂದು ಕಾಲಕ್ಕೆ ಕೂಡಿದ್ದ ಇವೆರಡೂ ಆ ಹಿಮದ ನಾಡಿನ ಕೊಟ್ಟಿಗೆಯಲ್ಲಿ ಮತ್ತೆ ಒಂದನ್ನೊಂದು ಸಂಧಿಸಿದುದನ್ನು ಕಂಡು, ಹಾಲಿನಲ್ಲಿ ಪಾಲು ಬೇಡಿದವನು ಮತ್ತೆ ಯಾವುದರಲ್ಲೆಲ್ಲ ಪಾಲುಗಾರನಾಗುತ್ತಾನೆ ಎಂಬ ಯೋಚನೆ ನನ್ನನ್ನು ಹಿಡಿಯಿತು.

ಈ ಏರ್ಪಾಡು ಅದೇ ಸೀಮೆಯಲ್ಲಿ ಬೇರೂರಿದ್ದು. 1986ರಲ್ಲಿ ಬರ್ಕ್‌ಷೈರಿನ ಸೌತ್ ಎಗ್ರಿಮಾಂಟ್ ಎಂಬಲ್ಲಿ ಇಂಡಿಯನ್ ಲೈನ್ ಫಾರ್ಮಿನ ರಾಬಿನ್ ವ್ಯಾನ್ ಎನ್ ಎಂಬ ಮಹಿಳೆಯೂ ಆಕೆಯ ಸಂಗಡಿಗರೂ, ಅದೇ ವರ್ಷ ನ್ಯೂ ಹ್ಯಾಂಪ್‌ಷೈರಿನ ಟೆಂಪಲ್-ವಿಲ್ಟನ್ ಫಾರ್ಮಿನವರೂ, ಬೆಳೆಯ ಖರ್ಚನ್ನು ಉಣ್ಣುವವರು ಮುಂಗಡವಾಗಿ ವಹಿಸಿಕೊಂಡು, ಬಂದ ಬೆಳೆಯನ್ನು ಹಂಚಿಕೊಳ್ಳುವ ಪದ್ಧತಿಯನ್ನು ಅಮೆರಿಕದಲ್ಲಿ ಆರಂಭಿಸಿದರು. ತರಕಾರಿಯಿಂದ ಮೊದಲಾದ ಈ ಕ್ರಮ ಬಳಿಕ ಮೊಟ್ಟೆ, ಹಾಲು, ಚೀಸುಗಳಿಗೂ ಹರಡಿತು. ಟೆಂಪಲ್-ವಿಲ್ಟನ್ನಿನಲ್ಲಿ ಪಾಲಿಗೆ ಇಷ್ಟೆಂದು ದರವಿಲ್ಲ. ವರ್ಷದ ಖರ್ಚನ್ನು ಸದಸ್ಯರ ಮುಂದೆ ಇಟ್ಟು, ಒಬ್ಬೊಬ್ಬರೂ ತಮ್ಮಿಂದಾದಷ್ಟನ್ನು ಹೇಳಿ, ಒಟ್ಟು ಕೂಡಿಬರುವವರೆಗೆ ಮಾತನಾಡುತ್ತಾರೆ. ಒಯ್ಯುವುದು ಮಾತ್ರ ಅವರವರ ಅಗತ್ಯಕ್ಕೆ ತಕ್ಕಂತೆ. ಆಸ್ಟ್ರಿಯದ ತತ್ತ್ವಚಿಂತಕ ರುಡಾಲ್ಫ್ ಸ್ಟೈನರನು 1924ರಲ್ಲಿ ರೈತರಿಗೆ ಮಾಡಿದ ಉಪನ್ಯಾಸಗಳ ಪ್ರಭಾವ ಇವರ ಮೇಲಿತ್ತು. ಆತನ ಗ್ರಹ-ನಕ್ಷತ್ರಗಳ ಮಾತೆಲ್ಲ ನನಗೆ ಒಪ್ಪಿಗೆಯಾಗದು, ಆದರೂ ಹೊಲವನ್ನು ಒಂದು ಜೀವಿಯಂತೆ ಕಾಣಬೇಕೆಂಬ ಅವನ ಮಾತನ್ನು ತಳ್ಳಿಹಾಕಲಾರೆ.

ನನ್ನ ಮಗನು ಸಹಿ ಮಾಡಿದ ಕಾಗದದಲ್ಲಿದ್ದುದು ಸರಳ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ವಾರಕ್ಕೊಂದು ಉಂಡೆ ಚೀಸು; ರೋಗ ಬಂದರೆ, ಮೇವು ಕೆಟ್ಟರೆ, ಹಾಲು ಬತ್ತಿದರೆ ಅಷ್ಟರ ಮಟ್ಟಿಗೆ ಪಾಲೂ ಕಡಿಮೆ, ಹಣ ವಾಪಸಿಲ್ಲ. ಇದನ್ನೋದಿದಾಗ ನನಗೆ ನಮ್ಮೂರಿನ ಕಣ ನೆನಪಾಯಿತು. ಕಮ್ಮಾರ, ಬಡಗಿ, ಅಗಸ, ತಳವಾರ ಮೊದಲಾದ ಆಯಗಾರರು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು. ಮಳೆ ಹೋದ ವರ್ಷ ರೈತನ ಕಣಜದಂತೆ ಅವರ ಮೊರವೂ ಬರಿದು. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಆಯದವನು ಹುಟ್ಟಿನಿಂದ ಕಟ್ಟುಬಿದ್ದವನು. ಮುಂದಿನ ವರ್ಷ ನನಗೆ ಬೇಡವೆಂದು ಎದ್ದು ಹೋಗುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಇಲ್ಲಿಯವರಿಗೆ ಅದುಂಟು.

ಮಾರ್ಚಿನ ಕೊನೆಯಲ್ಲಿ ಆಡುಗಳು ಈದುವು, ಹೆಚ್ಚಿನವಕ್ಕೆ ಅವಳಿ. ಪಾಲುಗಾರರೆಲ್ಲ ಮಕ್ಕಳನ್ನು ಕರೆದುಕೊಂಡು ಬಂದು ಮರಿ ನೋಡುವ ಒಂದು ದಿನವಿತ್ತು. ಕುಪ್ಪಳಿಸುತ್ತಿದ್ದ ಆ ಮರಿಗಳಲ್ಲಿ ಸರಿಸುಮಾರು ಅರ್ಧ ಗಂಡು. ಹಿಂಡಿಗೆ ಒಂದೆರಡು ಹೋತ ಸಾಕೆಂಬ ಲೆಕ್ಕ ಹಳ್ಳಿಯಲ್ಲಿ ಬೆಳೆದ ನನಗೆ ತಿಳಿಯದ್ದೇನೂ ಅಲ್ಲ; ಆದರೂ, ತಿಳಿದುದನ್ನೇ ಇನ್ನೊಬ್ಬರ ಬಾಯಿಂದ ಕೇಳಬೇಕೆನ್ನುವ ಒಂದು ಹಟದಿಂದ, ಗಂಡು ಮರಿಗಳನ್ನು ಏನು ಮಾಡುವಿರಿ ಎಂದು ಆ ಕುಟುಂಬದ ಗೃಹಿಣಿಯನ್ನು ಕೇಳಿದೆನು. ಆಕೆ ದೃಷ್ಟಿ ತಪ್ಪಿಸಲಿಲ್ಲ. ಒಂದೆರಡನ್ನು ಯಾರಾದರೂ ಅಕ್ಕರೆಯಿಂದ ಸಾಕಲು ಒಯ್ಯುತ್ತಾರೆ. ಮಿಕ್ಕವು ಈಸ್ಟರ್ ಹಬ್ಬಕ್ಕೆ, ಗ್ರೀಕ್ ಮತ್ತು ಇಟಾಲಿಯನ್ ಮನೆಗಳಿಗೆ. "ಇದನ್ನೂ ಆ ಕಾಗದದಲ್ಲಿ ಬರೆದಿದ್ದೇವೆ," ಎಂದಳು. ಮಗನು ಕಾಗದದ ಹಿಂಬದಿಯನ್ನು ಓದಿರಲಿಲ್ಲ.

ದಾರಿಯಲ್ಲಿ ಅವನು ನನ್ನನ್ನು ಸಮಾಧಾನಪಡಿಸುವಂತೆ, ಇವರು ಹಾಲು ಹೆಪ್ಪುಗಟ್ಟಿಸಲು ಮರಿಯ ಜಠರದ ರೆನೆಟ್ ಬಳಸುವುದಿಲ್ಲ, ಬೂಷ್ಟಿನಿಂದ ತೆಗೆದುದನ್ನು ಹಾಕುತ್ತಾರೆ, ಅದೂ ಕೆಲವೇ ಹನಿ, ಈ ಬಗೆಯ ಮೃದುವಾದ ಚೀಸು ಹೆಚ್ಚಾಗಿ ಹುಳಿಯಿಂದಲೇ ಗಟ್ಟಿಯಾಗುತ್ತದೆ ಎಂದು ವಿವರಿಸಿದನು. ನಿಜವೇ. ಆದರೆ ಚೀಸಿನೊಳಗೆ ಮರಿ ಇಲ್ಲವೆಂದ ಮಾತ್ರಕ್ಕೆ ಚೀಸಿನ ಹಿಂದೆ ಮರಿ ಇಲ್ಲವೆಂದಾಗುವುದೆ? ಈಯದೆ ಹಾಲಿಲ್ಲ, ಈದರೆ ಗಂಡೂ ಹುಟ್ಟುತ್ತದೆ.

ದಾರಿ ಕಾದು ಸುಲಿಯುತ್ತಿದ್ದವನೊಬ್ಬನು ಋಷಿಗಳ ಮಾತಿನಂತೆ ಮನೆಗೆ ಹೋಗಿ, ನನ್ನ ಪಾಪದಲ್ಲಿ ಪಾಲು ಕೊಳ್ಳುವಿರಾ ಎಂದು ಹೆಂಡತಿಮಕ್ಕಳನ್ನು ಕೇಳಲು, ಅವರು ಉಣ್ಣುವುದಕ್ಕಷ್ಟೇ ನಾವು, ಪಾಪ ನಿನ್ನದು ಎಂದರೆಂಬ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ವಾಲ್ಮೀಕಿರಾಮಾಯಣದಲ್ಲಿ ಎಲ್ಲಿಯೂ ಇಲ್ಲದ ಈ ಕಥೆಯನ್ನು ಆ ಮಹಾಕವಿಯ ಹೆಸರಿಗೆ ಮುಂದಿನವರು ಅಂಟಿಸಿದರು, ಅದು ಹಾಗಿರಲಿ. ಕರ್ಮ ಮಾಡಿದವನಿಗೇ ಫಲ ಎಂಬ ಶಾಸ್ತ್ರಪ್ರಕಾರ ಆ ಮನೆಯವರು ಹೇಳಿದ್ದು ಸರಿಯಿರಬಹುದು. ಆದರೆ ಬಾಲ್ಯದಿಂದಲೂ ನನಗೆ ಅವರನ್ನು ಕಂಡರಾಗದು. ಇದಕ್ಕೆ ತೀರ ವಿರುದ್ಧವಾಗಿ ಮನುಸ್ಮೃತಿಯು ಮಾಂಸದ ಪ್ರಸಂಗದಲ್ಲಿ, ಕೊಂದವನೊಡನೆ ಮಾರಿದವನನ್ನೂ ಕೊಂಡವನನ್ನೂ ಬೇಯಿಸಿ ಬಡಿಸಿದವನನ್ನೂ ಘಾತಕರ ಸಾಲಿನಲ್ಲಿಯೇ ಕೂರಿಸುತ್ತದೆ. ಆ ಗ್ರಂಥದ ಬೇರೆ ಎಷ್ಟೋ ವಿಧಿಗಳಿಗೆ ನಾನು ತಲೆಬಾಗಲಾರೆನಾದರೂ, ಕೊಂದವನಿಗೂ ಕೊಂಡವನಿಗೂ ಒಂದಕ್ಷರದ ಅಂತರವೆಂಬುದನ್ನು ಕನ್ನಡವೇ ನನಗೆ ನೆನಪಿಸುತ್ತದೆ. ಜೈನರ ವಿಚಾರ ಇನ್ನೂ ಸೂಕ್ಷ್ಮ. ಕೃತ, ಕಾರಿತ, ಅನುಮೋದಿತ ಎಂದು ಅವರು ಮೂರು ಬಗೆ ಹೇಳುತ್ತಾರೆ: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದುದಕ್ಕೆ ಮನಸ್ಸಿನಲ್ಲಿ ಸೈ ಎಂದದ್ದು.

ಆಡಿನ ಮರಿಯನ್ನು ತಾಯಿಯ ಹಾಲಿನಲ್ಲಿ ಬೇಯಿಸಲಾಗದೆಂಬ ನಿಷೇಧ ಯೆಹೂದ್ಯರ ಧರ್ಮಗ್ರಂಥದಲ್ಲಿ ಮೂರು ಕಡೆ ಬರುತ್ತದೆ. ಮಧ್ಯಯುಗದ ಯೆಹೂದ್ಯ ವಿದ್ವಾಂಸ ಮೈಮೊನಿಡೀಸನು ಇದರ ಹಿಂದೆ ವಿಗ್ರಹಾರಾಧಕರ ಆಚಾರವೊಂದರ ನಿರಾಕರಣೆಯನ್ನು ಊಹಿಸಿದನು. ಅವನಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಅಲೆಕ್ಸಾಂಡ್ರಿಯದ ತತ್ತ್ವಜ್ಞಾನಿ ಫಿಲೋ, ಬದುಕಿಸಲೆಂದು ಇಳಿದ ಹಾಲೇ ಸತ್ತ ಮೇಲೆ ಒಗ್ಗರಣೆಯಾಗುವುದರಲ್ಲಿನ ಕ್ರೌರ್ಯವನ್ನು ಕಂಡನು. ನನ್ನ ಮನಸ್ಸು ಫಿಲೋವಿನ ಕಡೆಗೆ. ಆ ವಿಧಿಯು ಹಾಲನ್ನು ಬಿಡೆನ್ನಲಿಲ್ಲ, ಮರಿಯನ್ನು ಬಿಡೆಂದೂ ಹೇಳಲಿಲ್ಲ. ಎರಡನ್ನೂ ಒಂದೇ ಮಡಕೆಯಲ್ಲಿ ಕಾಣುವಷ್ಟು ನಿರ್ಲಜ್ಜನಾಗಬೇಡವೆಂದಿತು. ಈ ಕಾಲದ ನಾವು ಅದನ್ನು ಎಷ್ಟು ಚೆನ್ನಾಗಿ ಪಾಲಿಸಿದ್ದೇವೆಂದರೆ, ಹಾಲು ಒಂದು ಅಂಗಡಿಯಲ್ಲಿ, ಮರಿ ಇನ್ನೊಂದರಲ್ಲಿ, ನಡುವೆ ಐವತ್ತು ಮೈಲಿ.

ಪಾಲಿನ ಪದ್ಧತಿ ಈ ಐವತ್ತು ಮೈಲಿಗಳನ್ನು ಅಳಿಸಿಹಾಕುತ್ತದೆ. ಹಸಿ ಹಾಲನ್ನು ಅಂಗಡಿಯಲ್ಲಿ ಮಾರಕೂಡದೆಂಬ ಕಟ್ಟಳೆಯಿರುವ ಕೊಲೊರಾಡೊ ಸಂಸ್ಥಾನವು 2005ರಲ್ಲಿ ಹಸು ಅಥವಾ ಆಡಿನಲ್ಲಿಯೇ ಪಾಲು ಹೊಂದುವುದನ್ನು ಶಾಸನದಿಂದ ಅಂಗೀಕರಿಸಿತು. ಪಾಲುಗಾರನು ಒಡೆಯ, ಒಡೆಯನಿಗೆ ತನ್ನ ಪ್ರಾಣಿಯ ಹಾಲು ಕುಡಿಯಲು ಅಡ್ಡಿಯೇನು ಎಂಬುದು ತರ್ಕ. ಜಾಣತನದ ತರ್ಕವೇ, ಆದರೆ ಹಾಲಿನ ದಿನ ಒಡೆಯನಾದವನು ಈಸ್ಟರಿನ ಹಿಂದಿನ ವಾರ ಬರಿಯ ಗಿರಾಕಿಯಾಗಲು ಬಾರದು. ಬೆಲೆ ಕೊಟ್ಟು ಹೊರಬಿದ್ದವನಿಗೆ, ನನಗೇನು ಗೊತ್ತು ಎನ್ನುವ ಒಂದು ಬಾಗಿಲು ತೆರೆದಿರುತ್ತದೆ. ನಷ್ಟದಲ್ಲಿಯೂ ಪಾಲೆಂದು ಸಹಿ ಮಾಡಿ, ಮರಿಯ ಮೂತಿಯನ್ನು ಅಂಗೈಯಲ್ಲಿ ಹಿಡಿದು ಬಂದವನಿಗೆ ಆ ಬಾಗಿಲು ಮುಚ್ಚಿತು. ಹಾಲನ್ನು ನಲವತ್ತು ಮನೆಗೆ ಹಂಚಿದರೆ ಒಂದೊಂದು ಮನೆಗೆ ಬರುವುದು ಸ್ವಲ್ಪವೇ. ಅನುಮೋದನೆಯನ್ನು ಹಾಗೆ ಹಂಚಲಾಗದು. ನಲವತ್ತು ಮನೆಗೂ ಅದು ಇಡಿಯಾಗಿಯೇ ಸಲ್ಲುತ್ತದೆ.

ಇಷ್ಟೆಲ್ಲ ಹೇಳುವ ನಾನೇನು ಶುದ್ಧನೆ? ನಿಘಂಟುಗಳು ಚೀಸಿಗೆ ಗಿಣ್ಣು ಎಂದು ಅರ್ಥ ಬರೆಯುತ್ತವೆ. ನಮ್ಮ ಗಿಣ್ಣಾದರೋ ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿನದು, ಅಂದರೆ ಮತ್ತಾರಿಗೂ ಅಲ್ಲದೆ ಕರುವಿಗೇ ಸಲ್ಲತಕ್ಕದ್ದು. ನಮ್ಮಮ್ಮ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಅದನ್ನು ಎಲೆಯ ಮೇಲೆ ಕತ್ತರಿಸಿಡುವಾಗ ನಾನು ದೊಡ್ಡ ತುಂಡಿಗೆ ಕೈಯೊಡ್ಡುತ್ತಿದ್ದೆ. ಹೋರಿಗರುಗಳು ಆಮೇಲೆ ಯಾವ ಸಂತೆಗೆ ಹೋದುವೆಂದು ಕೇಳಿದ ನೆನಪಿಲ್ಲ.

ಜುಲೈಯಲ್ಲಿ ಒಂದು ವಾರ ಎರಡು ಆಡುಗಳಿಗೆ ಕೆಚ್ಚಲುಬಾವು ಬಂದು, ಅವುಗಳ ಹಾಲನ್ನು ಚೆಲ್ಲಬೇಕಾಯಿತೆಂದು ಚೀಟಿ ಬಂತು, ಪಾಲು ಅರ್ಧಕ್ಕಿಳಿದಿತ್ತು. ಸೊಸೆ ಆ ಪುಟ್ಟ ಉಂಡೆಯನ್ನು, ಹಸುವಿನ ಹಾಲಿನದರ ಹಳದಿಯ ಸೋಂಕೂ ಇಲ್ಲದ ಆ ಬೆಳ್ಳನೆಯದನ್ನು, ನಾಲ್ಕು ಭಾಗ ಮಾಡಿ, ಮೇಲೆ ಮೆಣಸು ಉದುರಿಸಿ, ಬಿಸಿ ರೊಟ್ಟಿಯ ಜೊತೆ ತಂದಿಟ್ಟಳು. "ಮಾವ, ನಿಮಗೆ ಬೇಡವೆಂದರೆ ಹಾಕುವುದಿಲ್ಲ," ಎಂದಳು. ನಾನು ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದೆ.