ಆವರಣದ ಅಳತೆ

ರೂಪಕ್ಕೆ ಬಣ್ಣ ತೊಡಿಸಿಯೂ ರೂಪವನ್ನು ಮರೆಸದಿರುವುದು ಸಾಧ್ಯವೆ ಎಂಬ ಪ್ರಶ್ನೆಯನ್ನು ನಮ್ಮ ವೇದಾಂತಿಗಳು ಪರತತ್ತ್ವವನ್ನು ಕುರಿತು ಎತ್ತಿ ಶತಮಾನಗಳು ಸಂದುವು. ಹಾವೇರಿಗೆ ಸಮೀಪದ ಅಗಡಿಯಲ್ಲಿ ನನಗೆ ಪರಿಚಿತನಾದ ತರುಣನೊಬ್ಬನು ಅದೇ ಪ್ರಶ್ನೆಯನ್ನು ಗೇಣುದ್ದದ ಪ್ಲಾಸ್ಟಿಕ್ ವಿಮಾನವೊಂದರ ಮುಂದೆ ಕುಳಿತು ಬಿಡಿಸುತ್ತಿರುವನು. ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಸಿದ್ಧವಾಗಿ 1961ರ ಜೂನ್ 17ರಂದು ಮೊದಲು ಗಗನವನ್ನೇರಿದ ‘ಮರುತ್’ ಯುದ್ಧವಿಮಾನದ ಪ್ರತಿಕೃತಿ ಅದು. ಮೂಲದ 72ರಲ್ಲಿ ಒಂದು ಪಾಲು. ಅದಕ್ಕೆ ಅವನು ಏರ್‌ಬ್ರಷ್ಷಿನಿಂದ ಅಕ್ರಿಲಿಕ್ ಬಣ್ಣವನ್ನು ಸಿಂಪಡಿಸುತ್ತಾನೆ.

ಈ ಕೆಲಸದ ಮರ್ಮವೆಲ್ಲ ಬಣ್ಣವನ್ನು ತೆಳುಗೊಳಿಸುವುದರಲ್ಲಿದೆ. ಪ್ರತಿಕೃತಿಯ ಮೇಲೆ ಮಿಲಿಮೀಟರಿನ ಹತ್ತನೆಯ ಒಂದಂಶದಷ್ಟು ಲೇಪ ಕುಳಿತರೂ ಆ ಪ್ರಮಾಣಕ್ಕೆ ಮೂಲವಿಮಾನದ ಮೇಲೆ ಏಳು ಮಿಲಿಮೀಟರಿಗೂ ಮೀರಿದ ಗಿಲಾವು ಮೆತ್ತಿದಂತಾಯಿತು. ಲೋಹದ ತಗಡುಗಳು ಕೂಡುವೆಡೆಯ ಸೂಕ್ಷ್ಮರೇಖೆಗಳೆಲ್ಲ ಅದರಡಿಯಲ್ಲಿ ಹೂತುಹೋಗುವುವು. ಆದುದರಿಂದ ಬಣ್ಣವನ್ನು ಹಾಲಿನ ಹದಕ್ಕೆ ತಂದು, ಸುಮಾರು 0.3 ಮಿಲಿಮೀಟರಿನ ರಂಧ್ರದ ಮೂಲಕ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ, ಒಂದು ಪದರ ಆರಿದ ಮೇಲೆ ಇನ್ನೊಂದನ್ನು ಹಾಯಿಸತಕ್ಕದ್ದು. ಆದರೆ ತೆಳುವಿಗೂ ಮಿತಿಯುಂಟು. ಅಕ್ರಿಲಿಕ್ ಬಣ್ಣದಲ್ಲಿ ರಾಳದ ಅತಿಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುವುವು. ನೀರು ಆರಿದಂತೆ ಅವು ಒಂದನ್ನೊಂದು ಸಮೀಪಿಸಿ, ಬೆಸೆದುಕೊಂಡು, ವರ್ಣಚೂರ್ಣವನ್ನು ಹಿಡಿದಿಡುವ ಪೊರೆಯಾಗುವುವು. ಬರಿಯ ನೀರನ್ನೇ ಮಿತಿಮೀರಿ ಬೆರೆಸಿದರೆ ಆ ಪೊರೆ ದುರ್ಬಲವಾಗಿ ಬೆರಳು ತಾಗಿದೊಡನೆ ಏಳುತ್ತದೆ. ಅದಲ್ಲದೆ ನೀರು ತನ್ನ ಮೇಲ್ಮೈ ಸೆಳೆತದ ದೆಸೆಯಿಂದ ಪ್ಲಾಸ್ಟಿಕ್ಕಿನ ಮೇಲೆ ಹರಡದೆ ಹನಿಗಟ್ಟಿ ನಿಲ್ಲುತ್ತದೆ. ಆ ಸೆಳೆತವನ್ನು ತಗ್ಗಿಸುವ ದ್ರವ್ಯವುಳ್ಳ ತಿನ್ನರ್ ಬೇಕಾಗುವುದು ಇದಕ್ಕಾಗಿಯೇ. ವೈಶಾಖದ ಬಿಸಿಲಿನಲ್ಲಂತೂ ತುಂತುರು ನಡುಹಾದಿಯಲ್ಲೇ ಒಣಗಿ, ಮುಟ್ಟುವ ಹೊತ್ತಿಗೆ ಬರಿಯ ಧೂಳಾಗಿರುತ್ತದೆ. ಆಗ ರಿಟಾರ್ಡರಿನ ಒಂದೆರಡು ಹನಿಗಳನ್ನು ಬೆರೆಸಿ ಆರುವಿಕೆಯನ್ನು ತಡೆಯಬೇಕು.

ಅಗಡಿ ಎಂದರೆ ಶೇಷಾಚಲ ಸದ್ಗುರುಗಳ ಆನಂದವನದ ಊರು. ಗಳಗನಾಥರ ಸಂಪಾದಕತ್ವದ ‘ಸದ್ಬೋಧ ಚಂದ್ರಿಕೆ’ ಹೊರಟುದು ಇಲ್ಲಿಂದಲೇ. ಇಂತಹ ಊರಿನಲ್ಲಿ ಕುಳಿತು ತೆಳುಲೇಪದ ಮಾತು ಕೇಳುವವನಿಗೆ ಉಪಾಸನೆಯ ವಿಚಾರ ಹೊಳೆಯದಿರದು. ಲೇಪ ತೆಳುವಾದಷ್ಟೂ ತತ್ತ್ವ ಸಮೀಪವೆಂಬುದು ಜ್ಞಾನಾಭಿಮಾನಿಯ ನಂಬಿಕೆ. ಜಾತ್ರೆಗೆ ಮುನ್ನ ದ್ಯಾಮವ್ವನ ಮರದ ಮೂರ್ತಿಗೆ ಚಿತ್ರಗಾರನಿಂದ ಹೊಳೆಯುವ ಬಣ್ಣವನ್ನು ದಟ್ಟವಾಗಿ ಬಳಿಸುವ ಗ್ರಾಮಸ್ಥರನ್ನು ಕಂಡು ಅವನು ಒಳಗೊಳಗೇ ನಗುವನು. ಅವನ ಪಕ್ಷದಲ್ಲಿ ಸತ್ಯವಿಲ್ಲದಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಮೃದುವಾದ ಬಳಪದ ಕಲ್ಲಿನಲ್ಲಿ, ದೇಗುಲದ ಹೊರಗೋಡೆಯ ಮೇಲೆ ದೇಗುಲದ್ದೇ ಕಿರುಪ್ರತಿಕೃತಿಗಳನ್ನು ಶಿಖರ ಕಲಶಗಳ ಸಮೇತ ಕಡೆದಿಟ್ಟರು. ಅಂತಹ ಕುಸುರಿಯ ಮೇಲೆ ಭಕ್ತಿಯಿಂದಲೇ ವರ್ಷವರ್ಷವೂ ಸುಣ್ಣ ಬಳಿದು ಅದನ್ನು ಮೊದ್ದಾಗಿಸಿದ ದೃಶ್ಯವನ್ನು ನಾಡಿನಲ್ಲಿ ಕಾಣದವರಾರು?

ಆದರೂ ಆ ನಗೆ ಲೆಕ್ಕಕ್ಕೆ ನಿಲ್ಲದು. ತರುಣನಿಗೆ ಮೂಲದ ಅಳತೆ ಗೊತ್ತು. 72 ಎಂಬ ಸಂಖ್ಯೆ ಕೈಯಲ್ಲಿರುವುದರಿಂದಲೇ ಇಷ್ಟು ದಪ್ಪ ಹೆಚ್ಚು, ಇಷ್ಟು ಸಾಕು ಎಂದು ಅವನು ನಿರ್ಣಯಿಸಬಲ್ಲನು. ಮೂರ್ತಿಯ ಮೂಲವಾದರೋ ಅನಂತವೆಂದು ಪಂಡಿತನೇ ಒಪ್ಪಿರುವನಾಗಿ, ಆ ಪ್ರಮಾಣದಿಂದ ಗುಣಿಸಿದ ಮೇಲೆ ಎಂತಹ ತೆಳುಲೇಪದ ದಪ್ಪವೂ ಅನಂತವೇ ಆಗುವುದು. ಅಲ್ಲಿ ದ್ಯಾಮವ್ವನ ಮೈಬಣ್ಣಕ್ಕೂ ‘ಸಚ್ಚಿದಾನಂದ’ವೆಂಬ ಪಂಡಿತನ ಮಾತಿಗೂ ತಾರತಮ್ಯವೆಲ್ಲಿಯದು? ಅದು ಸ್ವರೂಪಲಕ್ಷಣ, ಗುಣದ ಲೇಪವಲ್ಲ, ಎಂದು ಅವನು ತಕರಾರು ತೆಗೆದಾನು. ತೆಗೆಯಲಿ, ಲಕ್ಷಣವೂ ಬುದ್ಧಿಗೆ ನಿಲುಕಿದೊಡನೆ ಒಂದು ಪೊರೆಯೇ ಸರಿ. ಇಲ್ಲ, ಪೊರೆಯೇ ಬೇಡ, ‘ನೇತಿ’ ಎಂದು ಕಡೆಯವರೆಗೂ ನೀರು ಬೆರೆಸುತ್ತ ಹೋಗುವೆನೆನ್ನುವವನು ಸಿದ್ಧನಾಗಿದ್ದರೆ ಸರಿ. ನನ್ನನ್ನು ಸೇರಿಸಿ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಅಂತಹ ವೇದಾಂತವು ಮೊದಲ ದುಃಖದ ಬೆರಳು ತಾಗಿದೊಡನೆ ಏಳುತ್ತದೆ.

ತೆಳುವಿನ ಪರೀಕ್ಷೆ ಹೀಗೆ ಬಿದ್ದುಹೋದ ಮೇಲೆ ಹಿಡಿತದ ಪರೀಕ್ಷೆಯೊಂದೇ ಉಳಿಯುವುದು. ದ್ಯಾಮವ್ವನು ಜನಸಮೂಹದ ಅಂಚಿನಲ್ಲಿ ನಿಂತ ಮುದುಕಿಗೂ ಕಾಣಬೇಕಾದವಳು. ಅವಳ ಬಣ್ಣ ದೂರವನ್ನು ದಾಟಬೇಕು. ಅಂಗೈಯ ಇಷ್ಟಲಿಂಗಕ್ಕೆ ದೂರವೇ ಇಲ್ಲ. ಆದರೂ ಅದರೊಳಗಿನ ಶಿಲೆಯನ್ನು ಭಸ್ಮ, ತೈಲಾದಿಗಳ ಕರಿಯ ಲೇಪವು ಲವಲೇಶವೂ ಕಾಣದಂತೆ ಮುಚ್ಚಿರುತ್ತದೆ. ಅದು ದಿನವೂ ಮಜ್ಜನಕ್ಕೆ ಒಡ್ಡಿಕೊಂಡು, ಕೈಯ ಉಜ್ಜಾಟವನ್ನು ತಾಳಿ, ಒಂದು ಆಯುಷ್ಯವೆಲ್ಲ ಬಾಳಬೇಕಾದುದು. ಒಳಗಿನ ಕಲ್ಲು ಕಾಣದೆಂದು ದೂರಿದ ಲಿಂಗವಂತನನ್ನು ಈ ಸೀಮೆಯಲ್ಲಿ ನಾನು ಕಂಡಿಲ್ಲ.