ಕೂಲಿಗೆ ಆಡಿದವರು, ಪ್ರೀತಿಗೆ ಆಡಿದವರು

ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನಲ್ಲಿ ಒಂದು ಹಳೆಯ ಲೆಕ್ಕದ ಪುಸ್ತಕವಿದೆ. 1868ರಲ್ಲಿ ದಂಡಿನ ಬ್ರಿಟಿಷ್ ಅಧಿಕಾರಿಗಳಿಗಾಗಿ ಹುಟ್ಟಿದ ಈ ಕ್ಲಬ್ಬಿಗೆ ಆಗ ಯುನೈಟೆಡ್ ಸರ್ವಿಸ್ ಕ್ಲಬ್ ಎಂಬ ಹೆಸರಿತ್ತು. 1899ರ ಜೂನ್ 1ರ ದಿನಾಂಕದಲ್ಲಿ ಅಲ್ಲಿ ವಸೂಲಾಗದ ಬಾಕಿಗಳನ್ನು ಬರೆದಿಟ್ಟಿದ್ದಾರೆ. ಆ ಪಟ್ಟಿಯಲ್ಲಿ ವಿನ್‌ಸ್ಟನ್ ಚರ್ಚಿಲ್ ಹೆಸರೂ ಇದೆ. ಬಾಕಿ 13 ರೂಪಾಯಿ. 1896ರಲ್ಲಿ ಕುದುರೆ ಸೈನ್ಯದ ಅಧಿಕಾರಿಯಾಗಿ ಇಲ್ಲಿಗೆ ಬಂದು, ದಿನದ ಬಹುಪಾಲನ್ನು ಪೋಲೋ ಆಟದಲ್ಲಿ ಕಳೆದ ತರುಣನ ಬಾಕಿ ಅದು. ಊರಿನವರು ಈ ಕತೆಯನ್ನು ನಗುತ್ತಲೇ ಹೇಳುತ್ತಾರೆ. ದೊಡ್ಡ ಮನುಷ್ಯರ ಸಾಲಕ್ಕೆ ಕಾಲ ಕಳೆದಂತೆ ಒಂದು ಸೊಗಸು ಬಂದುಬಿಡುತ್ತದೆ.

ದುಡ್ಡಿನ ಯೋಚನೆಯಿಲ್ಲದೆ ಆಡುವವನೇ ಸಭ್ಯ ಎಂಬ ನಂಬಿಕೆಯನ್ನು ಇಂಥ ಅಧಿಕಾರಿಗಳು ತಮ್ಮ ಊರಿನಿಂದಲೇ ಹೊತ್ತು ತಂದಿದ್ದರು. ಅದು ಅತ್ಯಂತ ಸ್ಪಷ್ಟವಾಗಿ ಕಾಣುತ್ತಿದ್ದುದು ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ಟಿನಲ್ಲಿ. ಒಂದೇ ತಂಡದಲ್ಲಿ ಎರಡು ಜಾತಿ: ಸಂಬಳವಿಲ್ಲದೆ ಆಡುವ 'ಜೆಂಟಲ್‌ಮನ್', ಸಂಬಳಕ್ಕೆ ಆಡುವ 'ಪ್ಲೇಯರ್'. ಲಾರ್ಡ್ಸ್‌ನಲ್ಲಿ ಇಬ್ಬರೂ ಬೇರೆ ಬೇರೆ ಬಾಗಿಲಿಂದ ಮೈದಾನಕ್ಕಿಳಿಯುತ್ತಿದ್ದರು. ಸ್ಕೋರುಪಟ್ಟಿಯಲ್ಲಿ ಜೆಂಟಲ್‌ಮನ್ ಹೆಸರಿಗೆ ಗೌರವದ ಗುರುತು, ಪ್ಲೇಯರನಿಗೆ ಬರೀ ಮನೆತನದ ಹೆಸರು. ಬಿಸಿಲಲ್ಲಿ ದಿನವಿಡೀ ಬೌಲಿಂಗ್ ಮಾಡುವ ದುಡಿಮೆ ಹೆಚ್ಚಾಗಿ ಈ ಎರಡನೆಯವರ ಪಾಲಿಗೆ ಬರುತ್ತಿತ್ತು. ಸರ್ರೆ ಕೌಂಟಿಯ ಟಾಮ್ ರಿಚರ್ಡ್‌ಸನ್ 1895ರ ಒಂದೇ ಋತುವಿನಲ್ಲಿ 290 ವಿಕೆಟ್ ಕಿತ್ತರು.

ಮರುವರ್ಷ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಪಂದ್ಯ. ರಿಚರ್ಡ್‌ಸನ್ ಸೇರಿ ಐವರು ವೃತ್ತಿಪರರು 10 ಪೌಂಡ್ ಸಾಲದು, 20 ಪೌಂಡ್ ಕೊಡಿ ಎಂದು ಕೇಳಿದರು. ಮಂಡಳಿ ಒಪ್ಪಲಿಲ್ಲ. ಮೂವರು ಹಿಂದೆ ಸರಿದು ಆಡಿದರು. ಜಾರ್ಜ್ ಲೋಮನ್ ಮತ್ತು ಬಿಲ್ಲಿ ಗನ್ ಹೊರಗುಳಿದರು. ಅದೇ ಪಂದ್ಯದ ನಾಯಕ ಡಬ್ಲ್ಯು. ಜಿ. ಗ್ರೇಸ್. ಲೆಕ್ಕದಲ್ಲಿ ಅವರು ಹವ್ಯಾಸಿ. ಆದರೆ 1891-92ರ ಆಸ್ಟ್ರೇಲಿಯ ಪ್ರವಾಸಕ್ಕೆ ಅವರು ಪಡೆದದ್ದು 3,000 ಪೌಂಡ್, ಖರ್ಚು ಬೇರೆ. ಮೂರು ಸಾವಿರ ಪಡೆದವರು ಪ್ರೀತಿಗೆ ಆಡಿದಂತಾಯಿತು, ಹತ್ತು ಹೆಚ್ಚಿಗೆ ಕೇಳಿದವರು ದುರಾಸೆಯವರಾದರು.

ಇದನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಹವ್ಯಾಸಿಯ ಆದರ್ಶದಲ್ಲಿ ಒಂದು ನಿಜವಿದೆ. ಕೆಲವು ಕೆಲಸಗಳನ್ನು ಅವುಗಳಿಗಾಗಿಯೇ ಮಾಡಬೇಕು. ಫಲದ ಮೇಲೇ ಕಣ್ಣಿಟ್ಟರೆ ಕೆಲಸ ಕೆಡುತ್ತದೆ. ಇದು ನಮಗೂ ಹೊಸದಲ್ಲ. ದುಡ್ಡಿಗೆ ಪಂದ್ಯವನ್ನೇ ಮಾರಿಕೊಂಡವರನ್ನು ನಾವೂ ಕಂಡಿದ್ದೇವೆ, ಆಗ ನಮಗಾದ ನೋವೂ ಸುಳ್ಳಲ್ಲ. ತಪ್ಪಿರುವುದು ಆದರ್ಶದಲ್ಲಲ್ಲ, ಅದನ್ನು ಅಳೆದ ಕೋಲಿನಲ್ಲಿ. ಕೂಲಿ ತೆಗೆದುಕೊಳ್ಳದಿರುವುದೇ ಪ್ರೀತಿಯ ಪುರಾವೆ ಎಂದಾದರೆ, ಕೂಲಿಯಿಲ್ಲದೆ ಒಲೆ ಹೊತ್ತದವನು ತನ್ನ ಪ್ರೀತಿಯನ್ನು ಸಾಬೀತುಪಡಿಸುವುದಾದರೂ ಹೇಗೆ?

ಈ ಪ್ರಶ್ನೆಗೆ ನಮ್ಮ ನೆಲದಲ್ಲೇ ಹುಟ್ಟಿದ ಒಬ್ಬರ ಬದುಕನ್ನು ಇಟ್ಟು ನೋಡಬೇಕು. ಪಲ್ವಂಕರ್ ಬಾಲೂ 1876ರಲ್ಲಿ ಧಾರವಾಡದಲ್ಲಿ, ದಲಿತ ಚರ್ಮಕಾರ ಸಮುದಾಯದಲ್ಲಿ ಹುಟ್ಟಿದವರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿಗೆ ಪಿಚ್ ಗುಡಿಸುವ, ರೋಲರ್ ಎಳೆಯುವ, ನೆಟ್ ಕಟ್ಟುವ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ಸಾಹೇಬರಿಗೆ ಬೌಲಿಂಗ್ ಮಾಡುವುದೂ ಅದರಲ್ಲೇ ಬಂತು. ಚರ್ಚಿಲ್ ಉಳಿಸಿಹೋದ 13 ರೂಪಾಯಿ ಬಾಲೂ ಅವರ ಮೂರು ತಿಂಗಳ ದುಡಿಮೆಗಿಂತ ಹೆಚ್ಚು.

ಅವರ ಎಡಗೈ ಸ್ಪಿನ್ ಎದುರಿಸಿ ಅಭ್ಯಾಸ ಮಾಡಿದವರಲ್ಲಿ ಜೆ. ಜಿ. ಗ್ರೇಗ್ ಎಂಬ ಸೇನಾಧಿಕಾರಿಯೂ ಒಬ್ಬರು. ವಿಕ್ಟೋರಿಯಾ ರಾಣಿ ತೀರಿಕೊಂಡ 1901ರ ಬೇಸಗೆಯಲ್ಲಿ ಗ್ರೇಗ್ ಹ್ಯಾಂಪ್‌ಷೈರ್ ಕೌಂಟಿಯ ಪರವಾಗಿ ಲ್ಯಾಂಕಾಷೈರ್ ವಿರುದ್ಧ ಔಟಾಗದೆ 249 ರನ್ ಹೊಡೆದರು. ದಾಖಲೆಯಲ್ಲಿ ಆ ರನ್ನುಗಳೆಲ್ಲ ಗ್ರೇಗ್ ಹೆಸರಿನಲ್ಲಿವೆ. ಅವರನ್ನು ನೆಟ್ಸ್‌ನಲ್ಲಿ ತಿದ್ದಿದ ಚೆಂಡುಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಆ ಕ್ಲಬ್ಬಿನಲ್ಲಿ ಬಾಲೂ ಕೈಗೆ ಬ್ಯಾಟ್ ಕೊಡುತ್ತಿರಲಿಲ್ಲ. ಬೌಲಿಂಗ್ ಚಾಕರಿ, ಬ್ಯಾಟಿಂಗ್ ದೊರೆತನ. ಮುಂದೆ ಪುಣೆಯ ಹಿಂದೂಗಳ ತಂಡ ಅವರನ್ನು ಆಡಿಸಿತು. ಆದರೆ ಚಹಾದ ಹೊತ್ತಿಗೆ ಅವರಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಲೋಟದಲ್ಲಿ. ಇಂಗ್ಲೆಂಡಿನ ಎರಡು ಬಾಗಿಲಿನ ಏರ್ಪಾಡು ನಮ್ಮವರಿಗೆ ಹೊಸದಾಗಿ ಕಲಿಯಬೇಕಾದ ಪಾಠವಾಗಿರಲಿಲ್ಲ. 1911ರಲ್ಲಿ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದಾಗ ಬಾಲೂ ಕೌಂಟಿಗಳ ವಿರುದ್ಧವೂ ಆಡಿ, ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು.

ಬಾಲೂ ಕೂಲಿಗೆ ಆಡಿದರೋ ಪ್ರೀತಿಗೆ ಆಡಿದರೋ? ಪ್ರಶ್ನೆಯೇ ಸರಿಯಾಗಿಲ್ಲ. ಗುಡಿಸಿ ಮುಗಿಸಿದ ಪಿಚ್ಚಿನ ಮೇಲೆ ಗಂಟೆಗಟ್ಟಲೆ ಚೆಂಡು ತಿರುಗಿಸುವ ಕಲೆಯನ್ನು 4 ರೂಪಾಯಿಯ ಸಂಬಳ ಕಲಿಸಲಾರದು. ಹಾಗೆಂದು ಆ 4 ರೂಪಾಯಿ ಇಲ್ಲದಿದ್ದರೆ ಅವರು ಆ ಪಿಚ್ಚಿನ ಬಳಿ ನಿಲ್ಲುವುದೂ ಸಾಧ್ಯವಿರಲಿಲ್ಲ.

ಇಲ್ಲಿ ನನಗೆ ನೆನಪಾಗುವವರು ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿ. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿಗೆಯದನ್ನು ತಿರುಗಿ ಅಲ್ಲೇ ಸುರಿದು ಬಾ ಎಂದವಳು ಲಕ್ಕಮ್ಮ. ಈ ಕತೆಯಲ್ಲಿ ಸಂಪಾದನೆ ಮೈಲಿಗೆಯಲ್ಲ, ಮಿತಿ ಮೀರಿದ ಆಸೆ ಮೈಲಿಗೆ. ಜೆಂಟಲ್‌ಮನ್ನಿನ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಅವನು 'ನೀನು ಕೂಲಿ ತೆಗೆದುಕೊಂಡೆಯಾ?' ಎಂದು ಕೇಳುತ್ತಾನೆ. ಕಾಯಕದ ವಿಚಾರ 'ತೆಗೆದುಕೊಂಡದ್ದು ನ್ಯಾಯವೇ, ಮಾಡಿದ್ದರಲ್ಲಿ ಮನಸ್ಸಿತ್ತೇ?' ಎಂದು ಕೇಳುತ್ತದೆ. ಎರಡನೆಯ ಪ್ರಶ್ನೆಯನ್ನು ಗ್ರೇಸ್ ಅವರಿಗೂ ಕೇಳಬಹುದು, ಲೋಮನ್‌ಗೂ ಕೇಳಬಹುದು. ಕ್ಲಬ್ಬಿಗೆ ಬಾಕಿ ಉಳಿಸಿದವನನ್ನೂ ಅದು ಬಿಡುವುದಿಲ್ಲ.

ಇಂಗ್ಲೆಂಡ್ ಆ ಭೇದವನ್ನು ತೆಗೆದುಹಾಕಿದ್ದು 1962ರ ಕೊನೆಗೆ. ಆದರೆ ಅಳೆಯುವ ಕೋಲು ನಮ್ಮ ನಡುವೆ ಬೇರೆ ರೂಪದಲ್ಲಿ ಉಳಿದಿದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2008ರಲ್ಲಿ ಐಪಿಎಲ್ ಶುರುವಾದ ಮೇಲೆ, ಕೋಟಿ ಪಡೆಯುವ ಆಟಗಾರ ದುಡ್ಡಿನ ಮಾತಾಡಿದರೆ ವೃತ್ತಿಪರತೆ ಎನ್ನುತ್ತೇವೆ. ಮಳೆ ಬಂದಾಗ ಹೊದಿಕೆ ಎಳೆದು ಓಡುವ ಮೈದಾನದ ಕೆಲಸಗಾರ ಕೂಲಿ ಸಾಲದು ಎಂದರೆ ಅವನಿಗೆ ಆಟದ ಮೇಲಿನ ಅಭಿಮಾನವನ್ನು ನೆನಪಿಸುತ್ತೇವೆ. ವಿಶ್ವವಿದ್ಯಾಲಯಗಳಲ್ಲೂ ಇದೇ ಮಾತು ಕೇಳುತ್ತದೆ: ತಿಂಗಳುಗಟ್ಟಲೆ ಗೌರವಧನ ಬಾರದ ಅತಿಥಿ ಉಪನ್ಯಾಸಕರಿಗೆ ಬೋಧನೆ ಎಷ್ಟು ಪವಿತ್ರ ಎಂದು ಹೇಳಿಕೊಡುವವರು, ತಿಂಗಳ ಸಂಬಳ ತಪ್ಪದೆ ಬರುವವರು.

ಹಲಸೂರು ಕೆರೆಯ ಪಕ್ಕದ ಮೈದಾನದಲ್ಲಿ ಆಡುವ ಹುಡುಗರಿಗೆ ಆಟವನ್ನು ಪ್ರೀತಿಸಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವರಲ್ಲಿ ಒಬ್ಬ ನಾಳೆ ಯಾವುದೋ ಅಕಾಡೆಮಿಯ ನೆಟ್ಸ್‌ನಲ್ಲಿ ದೊಡ್ಡವರಿಗೆ ಚೆಂಡೆಸೆಯಲು ಹೋಗಬಹುದು. ಸಂಜೆಗೆ ಅವನು ಬಸ್ಸಿನ ಖರ್ಚು ಕೇಳಿದರೆ, ಅವನ ಪ್ರೀತಿಯ ಬಗ್ಗೆ ಅನುಮಾನಪಡುವ ಮೊದಲು ನಮ್ಮ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಳ್ಳಬೇಕು.